ಗೋಲ್ಡ್ ಡರ್ಬಿ: ಮೊದಲ ಮೂರು ಹೆಸರಿಗೆ ಸೈ, ಐದನೆಯದಕ್ಕೆ ಜೋಕೆ

ಆಸ್ಕರ್ ನಾಮಿನೇಷನ್ ಯಾರ್ಯಾರಿಗೆ ಅಂತ ಮೊದಲೇ ಪಟ್ಟಿ ಕಟ್ಟಿಡುವ ಹುಚ್ಚು ಇರುವವರು ಒಂದಲ್ಲ ಒಂದು ದಿನ ಗೋಲ್ಡ್ ಡರ್ಬಿಗೆ ಬಂದೇ ಬರುತ್ತಾರೆ. ಟಾಮ್ ಓನೀಲ್ ಎಂಬ ಪತ್ರಕರ್ತ 2000ದಲ್ಲಿ ಶುರು ಮಾಡಿದ ಜಾಲತಾಣ ಇದು. 2012ರಿಂದ ಪೆನ್ಸ್ಕಿ ಮೀಡಿಯಾದ ಕೈಯಲ್ಲಿದೆ. ಖಾತೆ ತೆರೆಯಲು ಕಾಸು ಬೇಡ. ವಿಭಾಗ ಆರಿಸಿಕೊಂಡು, ಸಾಧ್ಯತೆ ಹೆಚ್ಚಿರುವವರು ಮೇಲೆ ಬರುವ ಹಾಗೆ ಹೆಸರು ಜೋಡಿಸಿದರೆ ಮುಗಿಯಿತು. ಅತ್ಯುತ್ತಮ ಚಿತ್ರಕ್ಕೆ ಹತ್ತು ಜಾಗ, ಮಿಕ್ಕ ವಿಭಾಗಗಳಿಗೆ ಐದು. ಘೋಷಣೆ ಹತ್ತಿರ ಬರುವವರೆಗೂ ಎಷ್ಟು ಸಲ ಬೇಕಾದರೂ ತಿದ್ದಬಹುದು. ಎಲ್ಲರ ಪಟ್ಟಿಗಳನ್ನೂ ಕೂಡಿಸಿ ತಾಣ ಒಂದು ಆಡ್ಸ್ ಪಟ್ಟಿ, ಅಂದರೆ ಯಾರಿಗೆ ಎಷ್ಟು ಸಾಧ್ಯತೆ ಎಂಬ ಲೆಕ್ಕ, ತೋರಿಸುತ್ತದೆ.

ಈ ಆಡ್ಸ್ ಅನ್ನು ಒಟ್ಟಾಗಿ ನೋಡುವುದಕ್ಕಿಂತ ಬಿಡಿಸಿ ನೋಡುವುದು ಲಾಭ. ಪತ್ರಿಕೆಗಳ ಸಿನಿಮಾ ಬರಹಗಾರರದ್ದು ಒಂದು ಗುಂಪು, ತಾಣದ ಸಂಪಾದಕರದ್ದು ಇನ್ನೊಂದು, ಹಿಂದಿನ ವರ್ಷ ಹೆಚ್ಚು ಸರಿ ಹೇಳಿದ 24 ಬಳಕೆದಾರರದ್ದು ಮತ್ತೊಂದು, ಕೊನೆಗೆ ಸಾಮಾನ್ಯ ಬಳಕೆದಾರರು. ಸಾಮಾನ್ಯ ಬಳಕೆದಾರರ ಪಟ್ಟಿಯಲ್ಲಿ ಅಭಿಮಾನಿಗಳ ಪಾಲು ಜಾಸ್ತಿ. ಯಾವ ನಟಿಯ ಹಿಂದೆ ಫ್ಯಾನ್ಸ್ ದಂಡು ಇದೆಯೋ ಆಕೆ ಅಲ್ಲಿ ಎರಡು ಮೆಟ್ಟಿಲು ಮೇಲೇ ಇರುತ್ತಾಳೆ. ಆ 24 ಜನರ ಪಟ್ಟಿ ಮತ್ತು ಬರಹಗಾರರ ಪಟ್ಟಿ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಒಂದು ನಿಮಿಷ ನಿಲ್ಲಬೇಕು. ಎರಡೂ ಒಂದೇ ಹೆಸರು ಹೇಳಿದರೆ ಆ ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ತೊಂದರೆ ಇರುವುದು ಕೊನೆಯ ಜಾಗದಲ್ಲಿ. ಅದಕ್ಕೆ ಕಾರಣ ತಾಣದ ಲೆಕ್ಕಕ್ಕೂ ಆಸ್ಕರ್ ಕೊಡುವ ಅಕಾಡೆಮಿಯ ಲೆಕ್ಕಕ್ಕೂ ಇರುವ ವ್ಯತ್ಯಾಸ.

ಅಕಾಡೆಮಿಯಲ್ಲಿ ನಾಮಿನೇಷನ್‌ಗೆ ಮತ ಹಾಕುವವರು ಆಯಾ ಕಸುಬಿನವರು. ನಿರ್ದೇಶಕರಿಗೆ ನಿರ್ದೇಶಕರು, ನಟರಿಗೆ ನಟರು. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ. ಮತಪತ್ರದಲ್ಲಿ ಒಂದು, ಎರಡು, ಮೂರು ಅಂತ ಪ್ರಾಶಸ್ತ್ಯ ಬರೆಯಬೇಕು. ಐದು ಜಾಗದ ವಿಭಾಗದಲ್ಲಿ ಒಟ್ಟು ಮತಪತ್ರಗಳನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ ಗೆಲ್ಲಲು ಬೇಕಾದ ಸಂಖ್ಯೆ ಸಿಗುತ್ತದೆ. ಉದಾಹರಣೆಗೆ 600 ನಿರ್ದೇಶಕರು ಮತ ಹಾಕಿದರು ಅಂದುಕೊಳ್ಳಿ: 600ನ್ನು 6ರಿಂದ ಭಾಗಿಸಿದರೆ 100, ಒಂದು ಕೂಡಿಸಿದರೆ 101. ಅಷ್ಟು ಜನ ಒಬ್ಬರ ಹೆಸರನ್ನು ಮೊದಲ ಸಾಲಿನಲ್ಲಿ ಬರೆದರೆ ನಾಮಿನೇಷನ್ ಖಾತ್ರಿ. ಉಳಿದ 499 ಜನ ಆ ಚಿತ್ರವನ್ನು ನೋಡದಿದ್ದರೂ ನಡೆಯುತ್ತದೆ. ಯಾರಿಗೂ ಅಷ್ಟು ಸಿಗದಿದ್ದಾಗ ತೀರ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಆ ಮತಪತ್ರಗಳನ್ನು ಅವುಗಳಲ್ಲಿರುವ ಮುಂದಿನ ಹೆಸರಿಗೆ ಸೇರಿಸುತ್ತಾರೆ. ಹತ್ತು ಜಾಗದ ಅತ್ಯುತ್ತಮ ಚಿತ್ರಕ್ಕೆ ಭಾಜಕ 11. ಅಲ್ಲಿ 10,000 ಮತಪತ್ರ ಬಂದರೆ ಸುಮಾರು 910 ಸಾಕು.

ಅಂದರೆ ಎಲ್ಲರಿಗೂ 'ಪರವಾಗಿಲ್ಲ' ಅನಿಸಿದ ಚಿತ್ರಕ್ಕಿಂತ, ಕೆಲವರು ಪ್ರಾಣ ಬಿಡುವಷ್ಟು ಮೆಚ್ಚಿದ ಚಿತ್ರಕ್ಕೆ ಈ ಪದ್ಧತಿ ಒಲಿಯುತ್ತದೆ. ಗೋಲ್ಡ್ ಡರ್ಬಿಯ ಆಡ್ಸ್ ಇದಕ್ಕೆ ಉಲ್ಟಾ. ಅದು ಸರಾಸರಿಯ ಆಟ. ಹತ್ತರಲ್ಲಿ ಎಂಟು ಜನರ ಪಟ್ಟಿಯಲ್ಲಿ ಐದನೆಯ ಸ್ಥಾನದಲ್ಲಿ ಕೂತವರು, ಹತ್ತರಲ್ಲಿ ಎರಡೇ ಜನ ಮೊದಲಿಗೆ ಹಾಕಿದವರಿಗಿಂತ ಮೇಲೆ ಕಾಣುತ್ತಾರೆ.

ಇದು ಬಯಲಾಗುವುದು ನಿರ್ದೇಶಕರ ವಿಭಾಗದಲ್ಲಿ. ಅಮೆರಿಕದ ನಿರ್ದೇಶಕರ ಸಂಘವಾದ ಡಿಜಿಎ ಜನವರಿಯಲ್ಲಿ ತನ್ನ ಐವರ ಪಟ್ಟಿ ಬಿಟ್ಟ ಗಂಟೆಯೊಳಗೆ ತಾಣದಲ್ಲಿ ಎಲ್ಲರೂ ಅದೇ ಐವರ ಕಡೆ ವಾಲುತ್ತಾರೆ. ಆದರೆ ದಾಖಲೆ ನೋಡಿ. 2021ರಲ್ಲಿ ಡಿಜಿಎ ಪಟ್ಟಿಯಲ್ಲಿದ್ದ ಆರನ್ ಸಾರ್ಕಿನ್ ಬಿದ್ದು ಥಾಮಸ್ ವಿಂಟರ್‌ಬರ್ಗ್ ಬಂದರು. 2022ರಲ್ಲಿ ಡೆನಿ ವಿಲ್ನೆವ್ ಜಾಗಕ್ಕೆ ರ್ಯೂಸುಕೆ ಹಮಾಗುಚಿ. 2023ರಲ್ಲಿ ಜೋಸೆಫ್ ಕೊಸಿನ್‌ಸ್ಕಿ ಜಾಗಕ್ಕೆ ರೂಬೆನ್ ಓಸ್ಟ್‌ಲುಂಡ್. 2024ರಲ್ಲಂತೂ ಗ್ರೆಟಾ ಗರ್ವಿಗ್, ಅಲೆಕ್ಸಾಂಡರ್ ಪೇನ್ ಇಬ್ಬರೂ ಹೋಗಿ ಜಸ್ಟಿನ್ ಟ್ರಿಯೆ, ಜೊನಾಥನ್ ಗ್ಲೇಜರ್ ಒಳಗೆ. 2025ರಲ್ಲಿ ಎಡ್ವರ್ಡ್ ಬರ್ಗರ್ ಹೊರಗೆ, ಕೊರಾಲಿ ಫಾರ್ಜಾ ಒಳಗೆ. ಐದು ವರ್ಷ ಸಾಲಾಗಿ ಒಳಬಂದವರೆಲ್ಲ ಹಾಲಿವುಡ್‌ನ ಹೊರಗಿನವರು, ಎಲ್ಲರ ಚಿತ್ರಗಳೂ ಕಾನ್ ಚಿತ್ರೋತ್ಸವದ ಆಯ್ಕೆಯಲ್ಲಿದ್ದವು. ಡಿಜಿಎ ಸಾವಿರಾರು ಜನರ ಸಂಘ, ಅದರಲ್ಲಿ ಟಿವಿಯವರೂ ಇದ್ದಾರೆ. ಅಕಾಡೆಮಿಯ ನಿರ್ದೇಶಕರ ವಿಭಾಗ ಚಿಕ್ಕದು, 2016ರ ನಂತರ ಬೇರೆ ದೇಶಗಳವರನ್ನು ಹೆಚ್ಚಾಗಿ ಸೇರಿಸಿಕೊಂಡಿದೆ. ಹಾಗಾಗಿ ಡಿಜಿಎ ಪಟ್ಟಿಯ ನಾಲ್ವರನ್ನು ಇಟ್ಟುಕೊಂಡು ಐದನೆಯ ಜಾಗಕ್ಕೆ ಕಾನ್ ಕಡೆ ನೋಡುವುದು, ಆಡ್ಸ್ ಏನೇ ಹೇಳಲಿ, ಒಳ್ಳೆಯ ಪದ್ಧತಿ. ಯಾರನ್ನು ಬಿಡಬೇಕು ಅನ್ನುವುದೇ ಕಷ್ಟ. ಸಾಮಾನ್ಯವಾಗಿ ಎಲ್ಲರೂ ಗೌರವಿಸುವ, ಆದರೆ ಯಾರೂ ಹುಚ್ಚೆದ್ದು ಮೆಚ್ಚದ ದೊಡ್ಡ ಸ್ಟುಡಿಯೋ ಚಿತ್ರದ ಹೆಸರೇ ಬೀಳುತ್ತದೆ.

ನಟನೆಯ ವಿಭಾಗಗಳಲ್ಲಿ ನಟರ ಸಂಘ ಸ್ಯಾಗ್‌ನ ಪಟ್ಟಿ ಹೀಗೇ ದಾರಿ ತಪ್ಪಿಸುತ್ತದೆ. 2025ರಲ್ಲಿ ನಾಯಕ ನಟ, ನಾಯಕಿ, ಪೋಷಕ ನಟ ಮೂರರಲ್ಲೂ ಐದಕ್ಕೆ ನಾಲ್ಕು ಹೊಂದಿದವು, ಪೋಷಕ ನಟಿಯಲ್ಲಿ ಮೂರೇ. ಒಟ್ಟು 20ಕ್ಕೆ 15. ಕೇಳಲು ಚೆನ್ನಾಗಿದೆ, ಆದರೆ ತಪ್ಪಿದ ಐದೇ ನಿಮ್ಮ ಅಂಕ ನಿರ್ಧರಿಸುವುದು. ಆ 15 ಎಲ್ಲರಿಗೂ ಸರಿಯಾಗಿರುತ್ತವೆ. ಆ ವರ್ಷ ಬ್ರೆಜಿಲ್‌ನ ಫರ್ನಾಂಡಾ ಟೊರೆಸ್‌ಗೆ ಸ್ಯಾಗ್ ಸಿಕ್ಕಿರಲಿಲ್ಲ, ಬ್ರಿಟಿಷ್ ಬಾಫ್ಟಾವೂ ಸಿಕ್ಕಿರಲಿಲ್ಲ. ಇದ್ದದ್ದು ಜನವರಿ 5ರಂದು ಗೆದ್ದ ಗೋಲ್ಡನ್ ಗ್ಲೋಬ್ ಮಾತ್ರ. ಅಕಾಡೆಮಿಯ ಮತದಾನ ತೆರೆದದ್ದು ಜನವರಿ 8ಕ್ಕೆ. ಆಕೆಗೆ ನಾಮಿನೇಷನ್ ಬಂತು, ಚಿತ್ರವೂ ಹತ್ತರ ಪಟ್ಟಿಗೆ ಸೇರಿತು. ನಿರ್ಮಾಪಕರ ಸಂಘ ಪಿಜಿಎಯ ಹತ್ತರಲ್ಲಿ ಆ ಚಿತ್ರ ಇರಲೇ ಇಲ್ಲ. ಪಿಜಿಎ ಆ ವರ್ಷ ಸರಿ ಹೇಳಿದ್ದು ಎಂಟು.

2023ರ ಆಂಡ್ರಿಯಾ ರೈಸ್‌ಬರೊ ಪ್ರಸಂಗ ಇನ್ನೂ ಖಾರ. ಸ್ಯಾಗ್ ಇಲ್ಲ, ಗ್ಲೋಬ್ ಇಲ್ಲ, ಬಾಫ್ಟಾ ಇಲ್ಲ. ಕೊನೆಯ ದಿನಗಳಲ್ಲಿ ಹೆಸರಾಂತ ನಟನಟಿಯರು ಒಬ್ಬರ ಹಿಂದೊಬ್ಬರು ಆಕೆಯ ಪಾತ್ರವನ್ನು ಸಾರ್ವಜನಿಕವಾಗಿ ಹೊಗಳತೊಡಗಿದರು. ಸುಮಾರು 1,300 ಸದಸ್ಯರ ನಟರ ವಿಭಾಗದಲ್ಲಿ ಬೇಕಿದ್ದದ್ದು ಇನ್ನೂರ ಚಿಲ್ಲರೆ ಮತ. ಪ್ರಚಾರದ ರೀತಿಯ ಬಗ್ಗೆ ಅಕಾಡೆಮಿ ಪರಿಶೀಲನೆ ನಡೆಸಿ ನಾಮಿನೇಷನ್ ಉಳಿಸಿತು. ಮತದಾನ ನಡೆಯುವ ವಾರ ಮತದಾರರು ಯಾರ ಹೆಸರು ಎತ್ತುತ್ತಿದ್ದಾರೆ ಅನ್ನುವುದು ಆಡ್ಸ್‌ಗಿಂತ ದೊಡ್ಡ ಸುಳಿವು.

ವಿಭಾಗ ಬದಲಾಗುವ ಅಪಾಯವೂ ಇದೆ. ಸ್ಟುಡಿಯೋ ಒಬ್ಬರನ್ನು ನಾಯಕ ಎಂದು ಪ್ರಚಾರ ಮಾಡಿದರೂ ಮತದಾರರು ಪೋಷಕ ಪಾತ್ರಕ್ಕೆ ಹಾಕಬಹುದು. 2021ರಲ್ಲಿ ಲಕೀತ್ ಸ್ಟ್ಯಾನ್‌ಫೀಲ್ಡ್‌ಗೆ ಆದದ್ದು ಇದೇ. ಊಹೆಯ ತಾಣ ಸ್ಟುಡಿಯೋ ಹೇಳಿದ ವಿಭಾಗದಲ್ಲೇ ಹೆಸರು ಇಟ್ಟುಕೊಂಡಿದ್ದರೆ ನಿಮ್ಮ ಊಹೆ ನೆಲ ಕಚ್ಚಿತು.

ಸಣ್ಣ ವಿಭಾಗಗಳಲ್ಲಿ ತಾಣ ಇನ್ನೂ ಬಡವಾಗುತ್ತದೆ, ಯಾಕೆಂದರೆ ಊಹಿಸುವವರಲ್ಲಿ ಹೆಚ್ಚಿನವರು ಆ ಚಿತ್ರಗಳನ್ನು ನೋಡಿರುವುದಿಲ್ಲ. ಸಾಕ್ಷ್ಯಚಿತ್ರ ವಿಭಾಗಕ್ಕೆ ಜನಪ್ರಿಯ ಚಿತ್ರ ಕಂಡರೆ ಅಲರ್ಜಿ. 2020ರಲ್ಲಿ 'ಅಪೊಲೊ 11', 2024ರಲ್ಲಿ 'ಅಮೆರಿಕನ್ ಸಿಂಫನಿ', ಎರಡೂ 15ರ ಕಿರುಪಟ್ಟಿಯಲ್ಲಿದ್ದು ಐದರಲ್ಲಿ ಬರಲಿಲ್ಲ. 2024ರ ಐದೂ ಚಿತ್ರಗಳ ಕಥೆ ಅಮೆರಿಕದ ಹೊರಗಿನದು; ಅದರಲ್ಲೊಂದು ಜಾರ್ಖಂಡ್‌ನದು. ಹಾಡಿನ ವಿಭಾಗದಲ್ಲಿ ಒಂದು ಸುಲಭದ ಉಪಾಯ: ಡಯೇನ್ ವಾರೆನ್ ಹೆಸರು ಕಿರುಪಟ್ಟಿಯಲ್ಲಿದ್ದರೆ ಚಿತ್ರ ಯಾವುದು ಅಂತ ಕೇಳದೆ ಹಾಕಿಬಿಡಿ. 2025ರ ಹೊತ್ತಿಗೆ ಆಕೆಗೆ 16 ನಾಮಿನೇಷನ್ ಆಗಿದ್ದವು.

ನಮ್ಮ ಕಡೆಯ ಓದುಗರು ಮೇಲಿಂದ ಮೇಲೆ ಎಡವುವುದು ಮೂರು ಪಟ್ಟಿಗಳ ಗೊಂದಲದಲ್ಲಿ. ಮೊದಲನೆಯದು ಅರ್ಹ ಚಿತ್ರಗಳ ಪಟ್ಟಿ: ನಿಗದಿತ ಅಮೆರಿಕನ್ ನಗರದ ಚಿತ್ರಮಂದಿರದಲ್ಲಿ ಒಂದು ವಾರ ಓಡಿಸಿ, ಅರ್ಜಿ ತುಂಬಿ, ಷರತ್ತು ಪೂರೈಸಿದವರೆಲ್ಲ ಅಲ್ಲಿರುತ್ತಾರೆ. ಎರಡನೆಯದು ಡಿಸೆಂಬರ್‌ನ ಕಿರುಪಟ್ಟಿ, ಅದೂ ಕೆಲವೇ ವಿಭಾಗಗಳಿಗೆ. ಮೂರನೆಯದು ನಾಮಿನೇಷನ್. 2023ರ ಜನವರಿಯಲ್ಲಿ 'ಕಾಂತಾರ' ಮತ್ತು 'ವಿಕ್ರಾಂತ್ ರೋಣ' ಇದ್ದದ್ದು 301 ಚಿತ್ರಗಳ ಮೊದಲನೆಯ ಪಟ್ಟಿಯಲ್ಲಿ. ಸುದ್ದಿಯಾದದ್ದು ಮಾತ್ರ ನಾಮಿನೇಷನ್ ಬಾಗಿಲಿಗೆ ಬಂದ ಧಾಟಿಯಲ್ಲಿ. ಅದೇ ವರ್ಷ ಭಾರತದ ಅಧಿಕೃತ ಆಯ್ಕೆ ಗುಜರಾತಿ ಚಿತ್ರ 15ರ ಕಿರುಪಟ್ಟಿಯಲ್ಲಿ ನಿಂತಿತು. ಅಧಿಕೃತ ಆಯ್ಕೆಯೇ ಅಲ್ಲದ 'ಆರ್‌ಆರ್‌ಆರ್' ಹಾಡಿನ ವಿಭಾಗದಲ್ಲಿ ನಾಮಿನೇಷನ್ ಪಡೆದು ಗೆದ್ದೂ ಬಿಟ್ಟಿತು. ದೇಶದ ಆಯ್ಕೆ ಬೇಕಾಗುವುದು ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಮಾತ್ರ. ಮೈಸೂರಿನ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದು ಆಸ್ಕರ್‌ಗೆ ಅರ್ಹವಾಯಿತು, ಕಿರುಪಟ್ಟಿಗೆ ಬರಲಿಲ್ಲ. ಊಹೆಯ ತಾಣದಲ್ಲಿ ಭಾರತೀಯ ಹೆಸರು ಕಂಡಾಕ್ಷಣ ಮೇಲಕ್ಕೆ ಎಳೆಯುವ ಮುನ್ನ ಅದು ಯಾವ ಪಟ್ಟಿಯಲ್ಲಿದೆ ಅಂತ ನೋಡಿಕೊಳ್ಳಿ.

ಇನ್ನೊಂದು ವಿಷಯ, ಸ್ವಲ್ಪ ಕಹಿ. ಪೆನ್ಸ್ಕಿಯವರ ಬಳಿ 'ವೆರೈಟಿ', 'ಡೆಡ್‌ಲೈನ್', 'ಇಂಡೀವೈರ್' ಪತ್ರಿಕೆಗಳೂ ಇವೆ. 2023ರಲ್ಲಿ ಗೋಲ್ಡನ್ ಗ್ಲೋಬ್ಸ್ ಕೊಂಡವರಲ್ಲಿ ಅವರ ಪಾಲುದಾರಿಕೆಯ ಸಂಸ್ಥೆಯೂ ಒಂದು. ಸ್ಟುಡಿಯೋಗಳು ಪ್ರಶಸ್ತಿ ಜಾಹೀರಾತು ಕೊಡುವ ಪತ್ರಿಕೆ, ಪ್ರಶಸ್ತಿ ಕೊಡುವ ಸಮಾರಂಭ, ಪ್ರಶಸ್ತಿ ಊಹಿಸುವ ತಾಣ, ಮೂರೂ ಒಂದೇ ಮನೆ. ಆಡ್ಸ್ ತಿರುಚುತ್ತಾರೆ ಅಂತ ಹೇಳುತ್ತಿಲ್ಲ. ಆದರೆ ಯಾವ ನಟನ ಸಂದರ್ಶನ ಎದ್ದು ಕಾಣುವಂತೆ ಹಾಕಿದ್ದಾರೆ ಅನ್ನುವುದನ್ನು ಸುಳಿವು ಎಂದು ತಿಳಿಯಬೇಡಿ.

ಬಳಸುವ ಕ್ರಮ ಹೀಗಿರಲಿ. ಸೆಪ್ಟೆಂಬರ್‌ನಲ್ಲಿ ವೆನಿಸ್, ಟೊರಾಂಟೊ ಚಿತ್ರೋತ್ಸವ ಮುಗಿದ ಮೇಲೆ ಒಂದು ಕರಡು ಪಟ್ಟಿ. ಕಿರುಪಟ್ಟಿ ಇರುವ ವಿಭಾಗಗಳನ್ನು ಡಿಸೆಂಬರ್‌ವರೆಗೆ ಮುಟ್ಟಬೇಡಿ. ಜನವರಿಯಲ್ಲಿ ಸ್ಯಾಗ್, ಡಿಜಿಎ, ಪಿಜಿಎ, ಬಾಫ್ಟಾ ಬಂದ ಹಾಗೆ ಮೊದಲ ಮೂರು ನಾಲ್ಕು ಜಾಗ ತಿದ್ದಿ. ಅಕಾಡೆಮಿಯ ಮತದಾನ ಮುಗಿದ ಮೇಲೆ ಆಡ್ಸ್ ಎಷ್ಟೇ ಕುಣಿದರೂ ಹೊಸ ಮಾಹಿತಿ ಏನೂ ಇರುವುದಿಲ್ಲ, ಹೆಚ್ಚಿನಂಶ ಒಬ್ಬರನ್ನೊಬ್ಬರು ನಕಲು ಮಾಡುವುದಷ್ಟೆ. ಅತ್ಯುತ್ತಮ ಚಿತ್ರದಲ್ಲಿ ಎರಡು ಜಾಗ, ಮಿಕ್ಕ ದೊಡ್ಡ ವಿಭಾಗಗಳಲ್ಲಿ ಒಂದೊಂದು ಜಾಗ ನಿಮ್ಮ ಸ್ವಂತ ತಲೆಗೆ ಮೀಸಲಿಡಿ. ಅದಕ್ಕಿಂತ ಜಾಸ್ತಿ ಸಾಹಸ ಮಾಡಿದರೆ ಖಚಿತ ಹೆಸರುಗಳೇ ಕೈತಪ್ಪುತ್ತವೆ. ಘೋಷಣೆ ಲಾಸ್ ಏಂಜಲೀಸ್‌ನಲ್ಲಿ ಬೆಳಗಿನ 5.30ಕ್ಕೆ ಇದ್ದರೆ ನಮಗೆ ಸಂಜೆ 7. ಆಫೀಸಿಂದ ಹೊರಡುವ ಗಡಿಬಿಡಿಯಲ್ಲಿ ತಿದ್ದಲು ಹೋಗದೆ ಹಿಂದಿನ ರಾತ್ರಿಯೇ ಉಳಿಸಿಬಿಡಿ.

ಬಿಟ್ಟಿ ಸೇವೆ, ದತ್ತಾಂಶ ಧಾರಾಳ, ದೊಡ್ಡ ವಿಭಾಗಗಳಿಗೆ ನಂಬಿಕಸ್ಥ, ಸಣ್ಣ ವಿಭಾಗಗಳಿಗೆ ಸುಮಾರು. ಐದಕ್ಕೆ ಮೂರೂವರೆ.