ಸಂತೇಪೇಟೆಯ ಕಲಾಯಿ ಅಂಗಡಿ: ಕಡ್ಡಿ ಬಗ್ಗಿಸಿ ತೋರಿಸಿದ ಯಜಮಾನರು

ಮೈಸೂರಿನ ಸಂತೇಪೇಟೆಯ ಒಂದು ಗಲ್ಲಿಯಲ್ಲಿ ಬೋರ್ಡು ಇಲ್ಲದ ಕಲಾಯಿ ಅಂಗಡಿಯಿದೆ; ಹಿತ್ತಾಳೆ ಪಾತ್ರೆಗಳ ಒಳಗೆ ತವರದ ಲೇಪ ಹಾಕಿಕೊಡುತ್ತಾರೆ. ಇದ್ದಿಲಿನ ವಾಸನೆ ಹಿಡಿದು ಹೋದರೆ ಸಿಗುತ್ತದೆ. ಕಳೆದ ತಿಂಗಳು ಅತ್ತೆಯವರ ಎರಡು ಹಿತ್ತಾಳೆ ತಪ್ಪಲೆಗಳಿಗೆ ಅಲ್ಲಿ ಕಲಾಯಿ ಹಾಕಿಸಿದೆ. ಕೆಲಸ ಬಹಳ ಚೆನ್ನಾಗಿದೆ. ಆದರೆ ಅಷ್ಟು ಹುಡುಕಿಕೊಂಡು ಹೋದದ್ದು ಏಕೆಂದು ಮೊದಲು ಹೇಳಬೇಕು.

ನನ್ನ ಮೂರು ವರ್ಷದ ಮಗಳಿಗೆ ಕಬ್ಬಿಣಾಂಶದ ಸಿರಪ್ ತಿಂಗಳುಗಟ್ಟಲೆ ಕುಡಿಸಿದರೂ ರಕ್ತಹೀನತೆ ಹೋಗಿರಲಿಲ್ಲ. ಮಕ್ಕಳ ವೈದ್ಯರು ರಕ್ತದಲ್ಲಿ ಸೀಸದ ಪರೀಕ್ಷೆ ಬರೆದುಕೊಟ್ಟರು. ಡೆಸಿಲೀಟರಿಗೆ 11 ಮೈಕ್ರೋಗ್ರಾಂ ಬಂತು. 5 ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವಂತೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣಾಂಶ ಕಡಿಮೆಯಿರುವ ಮಗುವಾದರೆ ಇನ್ನೂ ಹೆಚ್ಚು. ಅದು ಸುಣ್ಣದ ಅಂಶದಂತೆ ಎಲುಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಬೆಳೆಯುವ ಮಿದುಳಿಗೆ ಮಾಡಿದ ಹಾನಿ ಮರಳಿ ಸರಿಹೋಗುವುದಿಲ್ಲ. ಇದನ್ನೆಲ್ಲ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೋಡೆಯ ಬಣ್ಣ, ಆಟಿಕೆ, ಕಾಡಿಗೆ, ಅರಿಸಿನ ಎಲ್ಲವನ್ನೂ ವಿಚಾರಿಸಿದ ವೈದ್ಯರು ಕೊನೆಗೆ, "ಸಾರು ಯಾವ ಪಾತ್ರೆಯಲ್ಲಿ ಮಾಡುತ್ತೀರಿ?" ಎಂದರು. ದಿನವೂ ಹುಣಸೆಹುಳಿ ಕುದಿಯುವುದು ಹಿತ್ತಾಳೆ ತಪ್ಪಲೆಯಲ್ಲಿ. ವರ್ಷದ ಹಿಂದೆ ಮನೆ ಬಾಗಿಲಿಗೆ ಬಂದಿದ್ದ ಒಬ್ಬರಿಂದ ಕಡಿಮೆ ಬೆಲೆಗೆ ಕಲಾಯಿ ಹಾಕಿಸಿದ್ದೆವು. ಅವರು ಬಿಟ್ಟುಹೋಗಿದ್ದ, ಕಲಾಯಿಗೆ ಬಳಸಿದ ಲೋಹದ ಕಡ್ಡಿಯ ತುಂಡನ್ನು ಅತ್ತೆ ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ನನ್ನ ತಮ್ಮ ಅದನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿಸಿದ. ಅರ್ಧಕ್ಕಿಂತ ಹೆಚ್ಚು ಸೀಸವೇ ಇತ್ತು. ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಮೇಲು. ಆ ಕಡಿಮೆ ಬೆಲೆಯ ಗುಟ್ಟು ಅಷ್ಟೇ. ಅತ್ತೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ನಿಮ್ಮದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಹೀಗಾಗಿ ಸಂತೇಪೇಟೆಯ ಯಜಮಾನರ ಮುಂದೆ ನಿಂತು ನೇರವಾಗಿ ಕೇಳಿದೆ: "ಇದು ಶುದ್ಧ ತವರವೇ?" ಅವರು ಬೇಸರಿಸಲಿಲ್ಲ. "ಕೇಳಿ ಅಮ್ಮ, ಕೇಳಲೇಬೇಕು" ಎನ್ನುತ್ತಾ ಬೆರಳು ಗಾತ್ರದ ಕಡ್ಡಿಯೊಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಒಣಹುಲ್ಲು ಮುರಿದ ಹಾಗೆ ಚರಚರ ಸದ್ದು. ಸೀಸ ಸದ್ದಿಲ್ಲದೆ ಬಾಗುತ್ತದೆಯಂತೆ, ಕಾಗದದ ಮೇಲೆ ಎಳೆದರೆ ಬೂದು ಗೆರೆ ಬಿಡುತ್ತದೆಯಂತೆ. ಅವರ ಕಡ್ಡಿ ಕ್ಯಾಲೆಂಡರ್ ಹಾಳೆಯ ಮೇಲೆ ಗೆರೆ ಬಿಡಲಿಲ್ಲ. ಸ್ವಲ್ಪವೇ ಬೆರೆತಿದ್ದರೆ ಇದರಿಂದ ತಿಳಿಯುವುದಿಲ್ಲ ಎಂದೂ ಅವರೇ ಹೇಳಿ, ಪರೀಕ್ಷೆಗೆಂದು ಒಂದು ಚೂರು ಕತ್ತರಿಸಿ ಕೊಟ್ಟರು. ತಮ್ಮನ ವರದಿಯಲ್ಲಿ ಸೀಸ ಕಾಣಲಿಲ್ಲ. ಆಮೇಲೆಯೇ ತಪ್ಪಲೆ ಒಯ್ದೆ.

ಹಳೆಯ ಕಲಾಯಿಯನ್ನು ಪೂರ್ತಿ ತೆಗೆದು ಹಿತ್ತಾಳೆ ಕಾಣುವವರೆಗೆ ಉಜ್ಜಿದರು. ಇದಕ್ಕೇ ಅರ್ಧ ದಿನ ಹಿಡಿಯಿತು. ಆಮೇಲೆ ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸಿ, ತವರ ಹಿಡಿಯಲೆಂದು ನವಸಾಗರದ ಪುಡಿ ಎರಚಿದರು. ಬಿಳಿ ಹೊಗೆ ಎದ್ದಿತು. ಕಡ್ಡಿಯನ್ನು ಒಳಗೆ ಮುಟ್ಟಿಸಿ ಹತ್ತಿಯಿಂದ ಒಂದೇ ಸಮನೆ ಒರೆಸಿದಾಗ, ಹಳದಿ ತಳದ ಮೇಲೆ ಬೆಳ್ಳಿಯ ಬಣ್ಣ ಅಂಚಿನವರೆಗೂ ಹರಿಯಿತು.

ಕೊರತೆಗಳೂ ಇವೆ. ರಸೀದಿ ಕೊಡುವುದಿಲ್ಲ, ಹೇಳಿದ ದಿನಕ್ಕೆ ಎರಡು ದಿನ ತಡ, ಹೊಗೆಯಿಂದಾಗಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವಲ್ಲ. ಹಣ ಹಿಂದಿನವರು ಪಡೆದದ್ದರ ಮೂರು ಪಟ್ಟು. ಸಂತೋಷದಿಂದ ಕೊಟ್ಟೆ.

ತಪ್ಪಲೆ ಬಳಸುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ ಮಗಳ ರಕ್ತದಲ್ಲಿ ಸೀಸ 6ಕ್ಕೆ ಇಳಿದಿದೆ. ಮುಂದಿನ ಪರೀಕ್ಷೆ ಮೂರು ತಿಂಗಳ ಬಳಿಕ. ಅಲ್ಲಿಯವರೆಗೆ ಅವಳ ಸಾರು ಸ್ಟೀಲ್ ಪಾತ್ರೆಯಲ್ಲೇ ಆಗಲಿ ಎಂದು ಅತ್ತೆಯೇ ಹೇಳಿದ್ದಾರೆ. ಹೊಸ ಕಲಾಯಿಯ ತಪ್ಪಲೆಗಳು ಅಟ್ಟದ ಮೇಲಿವೆ.