ಬೈಕ್ ಎಂಜಿನ್ ಕಿಟ್ ಕಾರಿಗೆ ಸ್ವರ್ಲ್ ಪಾಟ್ ಕಿಟ್: ಪಾಟ್ ಸೈ, ಕೇಬಲ್ ಬೇಡ

ಬಿಡಿಭಾಗ ಜೋಡಿಸಿ ಕಟ್ಟಿದ ಕಿಟ್ ಕಾರಿನಲ್ಲಿ, ಕಾಫಿ ತೋಟದ ಹೇರ್‌ಪಿನ್ ತಿರುವಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ಸರಿದರೆ ಪಂಪ್ ಗಾಳಿ ಎಳೆಯುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಪಂಪಿಗೆ ಸದಾ ಸಿಗುವಂತೆ ಪೆಟ್ರೋಲ್ ತುಂಬಿಟ್ಟುಕೊಳ್ಳುವ ಸಣ್ಣ ಡಬ್ಬಿಯೇ ಸ್ವರ್ಲ್ ಪಾಟ್; ಈ ಕಿಟ್‌ನ ಒಂದೂವರೆ ಲೀಟರ್ ಅಲ್ಯೂಮಿನಿಯಂ ಪಾಟ್ ಅದಕ್ಕೆ ಮದ್ದು. ವೆಲ್ಡಿಂಗ್ ಚೊಕ್ಕವಾಗಿದೆ.

ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಲಿಫ್ಟ್ ಪಂಪಿನ ಪೈಪ್, ಒತ್ತಡ ಹದದಲ್ಲಿಡುವ ರೆಗ್ಯುಲೇಟರಿನಿಂದ ಮಿಕ್ಕ ಪೆಟ್ರೋಲ್ ವಾಪಸ್ ತರುವ ರಿಟರ್ನ್ ಪೈಪ್ ಎರಡೂ ಪಾಟ್‌ಗೇ ಬರಬೇಕು. ಮೇಲಿನ ತೂತಿನಿಂದ ಹೆಚ್ಚಾದದ್ದು ಟ್ಯಾಂಕಿಗೆ, ತಳದಿಂದ ಎಂಜಿನ್‌ಗೆ ಕೊಡುವ ಹೈ ಪ್ರೆಷರ್ ಪಂಪಿಗೆ. ರಿಟರ್ನನ್ನು ಟ್ಯಾಂಕಿಗೆ ಕೊಟ್ಟರೆ ಸಣ್ಣ ಲಿಫ್ಟ್ ಪಂಪ್ ಸೋತು ಪಾಟ್ ಬರಿದಾಗುತ್ತದೆ. ಸುಜುಕಿ ಹಯಬುಸಾ ಬೈಕಿನದಂಥ ಇಂಜೆಕ್ಷನ್ ಎಂಜಿನ್‌ಗೆ ಫ್ಯೂಯಲ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಸುಮಾರು 3 ಬಾರ್ ಒತ್ತಡ ಬೇಕು. ಕಾರ್ಬುರೇಟರ್ ಎಂಜಿನ್‌ಗೆ 2–3 ಪಿಎಸ್ಐ, ಅಂದರೆ 0.2 ಬಾರ್ ಆಸುಪಾಸು, ಸಾಕು. ಜಾಸ್ತಿಯಾದರೆ ಕಾರ್ಬುರೇಟರಿಗೆ ಪೆಟ್ರೋಲ್ ಬಿಟ್ಟು ಮುಚ್ಚುವ ಫ್ಲೋಟ್ ನೀಡಲ್ ತಡೆಯದೆ ಪೆಟ್ರೋಲ್ ಉಕ್ಕುತ್ತದೆ.

ಜೊತೆಗೆ ಬರುವ ಹೋಸ್ ಕಾರ್ಬುರೇಟರ್ ದರ್ಜೆಯದು, ಬಿಸಾಕಿ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ತಾಳಿಕೊಳ್ಳುವ ಇಂಜೆಕ್ಷನ್ ಹೋಸೇ ಹಾಕಿ.

ಕಿಟ್‌ನಲ್ಲೇ ಬರುವ ಥ್ರಾಟಲ್ ಕೇಬಲ್ (ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್‌ಗೆ ಹೋಗುವ ತಂತಿ) ಅಂತೂ ಶುದ್ಧ ಉಳಿತಾಯದ ಬುದ್ಧಿ. ಬೈಕಿನಲ್ಲಿ ಕೈಯ ಬಲಕ್ಕೆ ಮಾಡಿದ ತಂತಿಯನ್ನು ಕಾಲಿಗೆ ಕೊಟ್ಟಿದ್ದಾರೆ, ಪೆಡಲಿಗೆ ಸ್ಟಾಪ್ ಬೋಲ್ಟ್ ಕೂಡ ಇಲ್ಲ. ಎಂಜಿನ್‌ಗೆ ಗಾಳಿ ಬಿಡುವ ಬಟರ್‌ಫ್ಲೈ ಕವಾಟ ಪೂರ್ತಿ ತೆರೆದಾಗ ಪೆಡಲ್ ಬೋಲ್ಟಿಗೆ ತಾಗಬೇಕು, ಇಲ್ಲದಿದ್ದರೆ ಕಾಲಿನ ಭಾರವೆಲ್ಲ ಕೇಬಲ್ ತುದಿಯ ಗುಂಡಿನ ಮೇಲೆ. ಪೆಡಲಿಗೆ ಇನ್ನೊಂದು ರಿಟರ್ನ್ ಸ್ಪ್ರಿಂಗ್ ಹಾಕಿಸಿ. ಕೇಬಲ್ ಕವಚದ ಬಾಯಿ ಮೇಲ್ಮುಖವಾಗಿದ್ದರೆ ಮಡಿಕೇರಿ ಮಳೆಯಲ್ಲಿ ನೀರಿಳಿದು ತುಕ್ಕು ಹಿಡಿದು, ಥ್ರಾಟಲ್ ತೆರೆದೇ ಸಿಕ್ಕಿಕೊಳ್ಳುತ್ತದೆ.