ಒಂದು ಟಿಕ್, ಒಂದು ಓಟಿಪಿ, ನನ್ನ ಹೆಸರಿಗೆ 36,000 ಸಾಲ

ಮಕ್ಕಳನ್ನು ಆನ್‌ಲೈನ್ ಟ್ಯೂಷನ್‌ಗೆ ಸೇರಿಸಬೇಕು ಅಂತಿರುವ ಮೈಸೂರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಜೂನ್‌ನಲ್ಲಿ ಕುವೆಂಪುನಗರದ ನಮ್ಮ ಮನೆಗೆ ಒಂದು ಟ್ಯೂಷನ್ ಕಂಪನಿಯ ಹುಡುಗ ಬಂದಿದ್ದ. ಮಗಳು ಎಂಟನೇ ಕ್ಲಾಸು. "ತಿಂಗಳಿಗೆ ಬರೀ ಮೂರು ಸಾವಿರ ಸಾರ್, ಬೇಡ ಅಂದ್ರೆ ಯಾವಾಗ ಬೇಕಾದ್ರೂ ನಿಲ್ಲಿಸ್ಬೋದು" ಅಂದ. ನನ್ನ ಫೋನಿಗೆ ಅವನೇ ಆಪ್ ಹಾಕಿದ. ಕಿತ್ತಳೆ ಬಣ್ಣದ ದೊಡ್ಡ ಬಟನ್, ಅದರ ಕೆಳಗೆ ಬೂದು ಬಣ್ಣದ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಷರತ್ತುಗಳಿಗೆ ಒಪ್ಪಿದ್ದೇನೆ ಅನ್ನುವ ಸಾಲು, ಪಕ್ಕದಲ್ಲಿ ಚೌಕ. ಟಿಕ್ ಮಾಡಿದೆ. ಓಟಿಪಿ ಬಂತು, ಮೆಸೇಜ್ ಓದದೆ ನಂಬರ್ ಮಾತ್ರ ಹೇಳಿದೆ.

ಎರಡು ತಿಂಗಳಿಗೆ ಮಗಳಿಗೆ ಬೇಡವಾಯಿತು. ನಿಲ್ಲಿಸಿ ಅಂತ ಫೋನ್ ಮಾಡಿದಾಗಲೇ ಗೊತ್ತಾಗಿದ್ದು, ನಾನು ಒಪ್ಪಿದ್ದು ಟ್ಯೂಷನ್‌ಗೆ ಮಾತ್ರ ಅಲ್ಲ, ಬೇರೊಂದು ಫೈನಾನ್ಸ್ ಕಂಪನಿಯ 36,000 ರೂಪಾಯಿ ಸಾಲಕ್ಕೂ, ಆ ದುಡ್ಡು ಅವತ್ತೇ ಟ್ಯೂಷನ್‌ನವರ ಕೈ ಸೇರಿದೆ ಅಂತ. ರೀಫಂಡ್ ಕೇಳಲು ಇದ್ದ 15 ದಿನ ಮುಗಿದಿತ್ತು. ಹಳೇ ಓಟಿಪಿ ಮೆಸೇಜ್ ತೆಗೆದು ನೋಡಿದೆ. ಲೋನ್ ಅಂತ ಅದರಲ್ಲೇ ಇತ್ತು.

ಸಹಿ ಹಾಕಿಲ್ಲವಲ್ಲ, ಇದು ಕೋರ್ಟಲ್ಲಿ ನಿಲ್ಲಲ್ಲ ಅಂದುಕೊಂಡು ಪರಿಚಯದ ಲಾಯರ್ ಹತ್ತಿರ ಹೋದೆ. "ಹಂಗೆ ವಾದ ಮಾಡಕ್ಕಾಗಲ್ಲ ಕಣಪ್ಪ" ಅಂದರು. ಐಟಿ ಕಾಯ್ದೆ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಇದೆಯಂತೆ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದು ಹೋಗುವುದಿಲ್ಲ. ನಾನು ಓದಿರಲಿಲ್ಲ ಅನ್ನುವ ಮಾತಿಗೂ ಅಷ್ಟು ಬೆಲೆ ಸಿಗುವುದಿಲ್ಲ.

ಹಾಗಂತ ಟಿಕ್ ಮಾಡಿದ ಮೇಲೆ ಎಲ್ಲಾ ಮುಗಿಯಿತು ಅಂತಲ್ಲ. ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು 1872ರ ಕರಾರು ಕಾಯ್ದೆಯಡಿ ರದ್ದು ಮಾಡಿಸಬಹುದು, ಆದರೆ ಸುಳ್ಳು ಹೇಳಿದರು ಅನ್ನುವುದನ್ನು ನಾವೇ ಸಾಬೀತು ಮಾಡಬೇಕು. ವ್ಯಾಜ್ಯವೇನಿದ್ದರೂ ದೆಹಲಿಯಲ್ಲೇ ಅಂತ ಷರತ್ತಿನಲ್ಲಿತ್ತು, ಅದನ್ನು ನೋಡಿ ನಾನು ಕೈ ಚೆಲ್ಲಿದ್ದೆ. ಅದಕ್ಕೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ನಾವು ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.

ಯಾರಾದರೂ ನಿಮ್ಮ ಫೋನ್ ತಗೊಂಡು ಆಪ್ ಹಾಕಿಕೊಡುತ್ತೇನೆ ಅಂದರೆ ಕೊಡಲೇಬೇಡಿ. ಟಿಕ್ ಮಾಡುವ ಮುಂಚೆ ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಬಾಯಲ್ಲಿ ಹೇಳಿದ ಮಾತನ್ನೆಲ್ಲಾ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನನ್ನ ಹತ್ತಿರ ಈಗ ಉಳಿದಿರುವುದು ಆ ಹುಡುಗ ಕಳಿಸಿದ್ದ ಒಂದೇ ಮೆಸೇಜ್, "ಎನಿಟೈಮ್ ಕ್ಯಾನ್ಸಲ್ ಮಾಡ್ಬೋದು ಸಾರ್" ಅಂತ. ಲಾಯರ್ ನೋಟಿಸ್ ಕಳಿಸಿರುವುದೂ ಅದರ ಮೇಲೆಯೇ. ಉತ್ತರ ಇನ್ನೂ ಬಂದಿಲ್ಲ, ಐದನೇ ತಾರೀಕು ಮಾತ್ರ ಮೂರು ಸಾವಿರ ತಪ್ಪದೆ ಕಟ್ ಆಗುತ್ತಿದೆ.